ಅಚ್ಚು ಹಾಕಿಸಿದವರು ಯಾರು?

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರ ವೈಕಾಟೊ ನದಿಯ ಎರಡೂ ದಂಡೆಗಳ ಮೇಲೆ ಹಬ್ಬಿಕೊಂಡಿದೆ. ನದಿ ಹರಿಯುವ ದಿಕ್ಕಿನಲ್ಲಿ ಸುಮಾರು 20 ಕಿ.ಮೀ. ಹೋದರೆ ನ್ಗಾರುವಾಹಿಯಾ ಎಂಬ ಊರು; ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ ಟೆ ಅವಮುಟು. 1863ರ ಆರಂಭದಲ್ಲಿ ಈ ಎರಡು ಊರುಗಳಿಂದ ಮಾವೊರಿ ಭಾಷೆಯ ಎರಡು ಪತ್ರಿಕೆಗಳು ಒಂದಕ್ಕೊಂದು ಎದುರಾಳಿಯಾಗಿ ಹೊರಬರುತ್ತಿದ್ದವು. ಮೊಬೈಲಿನಲ್ಲಿ ಬಂದದ್ದನ್ನು ಅಳೆದು ತೂಗುವುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ನ್ಗಾರುವಾಹಿಯಾದ ಪತ್ರಿಕೆ 'ಟೆ ಹೊಕಿಯೊಯ್'. ತಮ್ಮದೇ ದೊರೆಯನ್ನು ಆರಿಸಿಕೊಂಡಿದ್ದ ಮಾವೊರಿ ಜನರ ದನಿ ಅದು. ಅದರ ಮುದ್ರಣಯಂತ್ರ ಬಂದ ಬಗೆಯೇ ಒಂದು ಕಥೆ. 'ನೊವಾರಾ' ಎಂಬ ಆಸ್ಟ್ರಿಯಾದ ಹಡಗು ಹತ್ತಿ 1859ರಲ್ಲಿ ವಿಯೆನ್ನಾಕ್ಕೆ ಹೋದ ವಿರೆಮು ಟೊಯೆಟೊಯೆ ಮತ್ತು ಟೆ ಹೆಮಾರಾ ರೆರೆಹಾವು ಎಂಬಿಬ್ಬರು ಅಲ್ಲಿ ಅಚ್ಚಿನ ಕೆಲಸ ಕಲಿತರು. ಯಂತ್ರವನ್ನು ರಾಜಮನೆತನದಿಂದ ಉಡುಗೊರೆಯಾಗಿ ಪಡೆದು ಮರಳಿದರು. ಆ ಪತ್ರಿಕೆಗೆ ಉತ್ತರ ಕೊಡಲೆಂದೇ ವಸಾಹತು ಸರ್ಕಾರ ಟೆ ಅವಮುಟುವಿನಲ್ಲಿ ಜಾನ್ ಗಾರ್ಸ್ಟ್ ಎಂಬ ಅಧಿಕಾರಿಯ ಕೈಯಲ್ಲಿ 'ಟೆ ಪಿಹೊಯಿಹೊಯಿ ಮೊಕೆಮೊಕೆ' ಹೊರಡಿಸಿತು. ಅದರ ಐದನೆಯ ಸಂಚಿಕೆ ಸಿದ್ಧವಾಗುತ್ತಿದ್ದಾಗ, ಮಾರ್ಚ್‌ನಲ್ಲಿ, ನ್ಗಾಟಿ ಮನಿಯಪೊಟೊ ಬಣದವರು ನುಗ್ಗಿ ಯಂತ್ರವನ್ನೇ ಹೊತ್ತೊಯ್ದರು. ಜುಲೈನಲ್ಲಿ ವೈಕಾಟೊ ಯುದ್ಧ ಶುರುವಾಯಿತು. ಮರುವರ್ಷ, 1864ರಲ್ಲಿ, ಗೆದ್ದ ನೆಲದ ಮೇಲೆ ಸೈನಿಕರ ವಸತಿಯಾಗಿ ಎದ್ದ ಊರೇ ಇಂದಿನ ಹ್ಯಾಮಿಲ್ಟನ್.

ಈಗ ಆ ಎರಡೂ ಪತ್ರಿಕೆಗಳು ಇದೇ ನಗರದ ವೈಕಾಟೊ ವಿಶ್ವವಿದ್ಯಾಲಯ ಕಟ್ಟಿದ 'ನಿಯುಪೆಪಾ' ಎಂಬ ಡಿಜಿಟಲ್ ಸಂಗ್ರಹದಲ್ಲಿ ಅಕ್ಕಪಕ್ಕದಲ್ಲಿವೆ. 1842ರಿಂದ 1932ರವರೆಗಿನ ಮಾವೊರಿ ಪತ್ರಿಕೆಗಳ 17 ಸಾವಿರಕ್ಕೂ ಹೆಚ್ಚು ಪುಟಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಭಾಷೆ ಒಂದೇ, ಕಾಲ ಒಂದೇ, ಜಗಳವೂ ಒಂದೇ. ಹೇಳಿಕೆ ಮಾತ್ರ ಬೇರೆ. ಎರಡನ್ನೂ ಓದಿದ ವಿದ್ಯಾರ್ಥಿಯ ಬಾಯಲ್ಲಿ 'ಇದರಲ್ಲಿ ಯಾವುದು ಸುಳ್ಳು?' ಎಂಬ ಪ್ರಶ್ನೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಚ್ಚು ಹಾಕಿಸಿದವರು ಯಾರು, ಖರ್ಚು ಯಾರದು, ಯಾರನ್ನು ಒಪ್ಪಿಸಲು ಬರೆದರು ಎಂದು ಕೇಳತೊಡಗುತ್ತಾನೆ. ಕಲಿಸಬೇಕಾದದ್ದು ಈ ಕೇಳುವಿಕೆಯನ್ನೇ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅವರು 10 ಇತಿಹಾಸಕಾರರು, 10 ಸತ್ಯಶೋಧಕರು ಮತ್ತು 25 ವಿದ್ಯಾರ್ಥಿಗಳ ಮುಂದೆ ಜಾಲತಾಣಗಳನ್ನು ಇಟ್ಟರು. ಇತಿಹಾಸಕಾರರಲ್ಲೂ ಹಲವರು ಅಂದವಾದ ಪುಟ, ಗಂಭೀರ ಹೆಸರು ನೋಡಿ ಮೋಸಹೋದರು. ಸತ್ಯಶೋಧಕರು ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಹೊರಗೆ ಹೋಗಿ, ಬೇರೆಯವರು ಅದರ ಬಗ್ಗೆ ಏನನ್ನುತ್ತಾರೆ ಎಂದು ಹುಡುಕಿದರು.

ಹೊರಗೆ ಹೋಗಿ ವಿಚಾರಿಸದ ಕಾರಣಕ್ಕೆ ನಮ್ಮಲ್ಲಿ ಜೀವಗಳೇ ಹೋಗಿವೆ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಗುಲ್ಲಿಗೆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮತ್ತೊಬ್ಬರು ಗುಂಪಿನ ಹೊಡೆತಕ್ಕೆ ಸತ್ತರು. ಆ ವರ್ಷ ದೇಶದುದ್ದಕ್ಕೂ ಹರಿದಾಡಿದ ಒಂದು ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ್ದು. ಅಪಹರಿಸಿದ ಮಗುವನ್ನು ಮರಳಿ ತಂದು ಬಿಡುವ ಕೊನೆಯ ತುಣುಕನ್ನು ಯಾರೋ ಕತ್ತರಿಸಿ ಹಾಕಿದ್ದರು. ಇದನ್ನು ಮಾಡಿದವರು ಯಾರು ಎಂದು ಹುಡುಕಿದ್ದರೆ ಉತ್ತರ ಸಿಗುತ್ತಿತ್ತು. ಅದೇ ವರ್ಷ ನೆರೆಯ ಕೇರಳದ ಕಣ್ಣೂರಿನ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳುಸುದ್ದಿ ಗುರುತಿಸುವ ಪಾಠ ಶುರುಮಾಡಿಸಿದರು. ಒಂದು ಜಿಲ್ಲಾಡಳಿತ ಮನಸ್ಸು ಮಾಡಿದರೆ ಸಾಕು ಎನ್ನುವುದಕ್ಕೆ ಅದು ಸಾಕ್ಷಿ.

ಆದರೆ ಅನುಮಾನಪಡುವುದನ್ನು ಮಾತ್ರ ಕಲಿಸಿದರೆ ಮಕ್ಕಳು ಯಾವುದನ್ನೂ ನಂಬದವರಾಗುತ್ತಾರೆ, ಅದೂ ಅಪಾಯವೇ. ಸಿಕ್ಕ ಮಾಹಿತಿಯನ್ನು ಬಳಸಿ ಏನನ್ನಾದರೂ ಕಟ್ಟಬೇಕು. ಇಲ್ಲಿಯೂ ಹ್ಯಾಮಿಲ್ಟನ್ ನೆರವಿಗೆ ಬರುತ್ತದೆ. ನಿಯುಪೆಪಾ ನಿಂತಿರುವುದು ವೈಕಾಟೊ ವಿಶ್ವವಿದ್ಯಾಲಯದಲ್ಲೇ ಇಯಾನ್ ವಿಟ್ಟನ್ ಮತ್ತವರ ಬಳಗ ರೂಪಿಸಿದ 'ಗ್ರೀನ್‌ಸ್ಟೋನ್' ಎಂಬ ತಂತ್ರಾಂಶದ ಮೇಲೆ. ಯುನೆಸ್ಕೊ 2000ದಿಂದ ಅದರ ಜೊತೆಗೂಡಿತು. ಯಾರು ಬೇಕಾದರೂ ಉಚಿತವಾಗಿ ಪಡೆದು ಸ್ವಂತ ಡಿಜಿಟಲ್ ಗ್ರಂಥಾಲಯ ಕಟ್ಟಬಹುದು, ಕನ್ನಡದಲ್ಲೂ ಬಳಸಬಹುದು. ಅದರಲ್ಲಿ ಒಂದು ದಾಖಲೆ ಸೇರಿಸುವಾಗ ಬರೆದವರು, ವರ್ಷ, ಮೂಲ ಎಲ್ಲವನ್ನೂ ನಮೂದಿಸಬಹುದು. ನಾಲ್ಕು ದಾಖಲೆಗೆ ಈ ವಿವರ ತುಂಬಿದ ಹುಡುಗಿ, ಹೆಸರಿಲ್ಲದ ಫಾರ್ವರ್ಡನ್ನು ಕಣ್ಣುಮುಚ್ಚಿ ಮುಂದೆ ಕಳಿಸಲಾರಳು.

ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ' ಆರಂಭಿಸಿದ್ದು 1843ರ ಜುಲೈ 1ರಂದು, ಮಾವೊರಿಯ ಮೊದಲ ಪತ್ರಿಕೆ ಬಂದ ಮರುವರ್ಷ. ಆ ನೆನಪಿಗೆ ನಾವು ಜುಲೈ 1ರಂದು ಪತ್ರಿಕಾ ದಿನ ಆಚರಿಸುತ್ತೇವೆ. ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಈ ಸಲ ಆ ದಿನ ಭಾಷಣ ಬೇಡ. 1837ರ ಅಮರ ಸುಳ್ಯ ದಂಗೆಯ ಬಗ್ಗೆ ಬ್ರಿಟಿಷ್ ಅಧಿಕಾರಿಗಳು ಬರೆದದ್ದನ್ನೂ ನಮ್ಮ ನಾಡಿನವರು ಬರೆದದ್ದನ್ನೂ ಮಕ್ಕಳ ಮುಂದಿಡಿ. ಎರಡನ್ನೂ ಓದಿಸಿ, ಪ್ರತಿ ಮಾತಿನ ಮೂಲ ಹೇಳಿ ಒಂದು ಪುಟ ಬರೆಸಿ.