ಗೂಗಲ್‌ನಲ್ಲಿ ಡಾಕ್ಟರ ಬೋರ್ಡು: ತಪ್ಪು ಕಲ್ಪನೆ ಮತ್ತು ಸತ್ಯ

ಡಾಕ್ಟರು ತಮ್ಮ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಏನನ್ನೂ ಹೇಳಿಕೊಳ್ಳಬಾರದು, ಹೇಳಿಕೊಂಡರೆ ವೃತ್ತಿಗೇ ಕಳಂಕ ಎಂಬ ನಂಬಿಕೆ ಹಿರಿಯ ವೈದ್ಯರಲ್ಲಿ ಇನ್ನೂ ಗಟ್ಟಿಯಾಗಿದೆ. ಹೊಸದಾಗಿ ಕ್ಲಿನಿಕ್ ತೆರೆದವರಲ್ಲಿ ಇದಕ್ಕೆ ತದ್ವಿರುದ್ಧವಾದ ನಂಬಿಕೆ ಬೇರುಬಿಡುತ್ತಿದೆ: ಪತ್ರಿಕೆಗೆ, ಬೋರ್ಡಿಗೆ ನಿಯಮಗಳಿರಬಹುದು, ಮೊಬೈಲಿನೊಳಗೆ ಯಾರು ಏನು ಬೇಕಾದರೂ ಹಾಕಬಹುದು ಎಂದು. ಎರಡೂ ತಪ್ಪು. ಮೊದಲನೆಯದರಿಂದ ಒಳ್ಳೆಯ ವೈದ್ಯರು ರೋಗಿಯ ಕಣ್ಣಿಗೇ ಬೀಳದೆ ಉಳಿಯುತ್ತಾರೆ. ಎರಡನೆಯದರಿಂದ ಸುಳ್ಳು ಭರವಸೆ ಕೊಡುವವರು ಆ ಜಾಗ ತುಂಬುತ್ತಾರೆ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಅಂಜನಾನಗರ, ಬ್ಯಾಡರಹಳ್ಳಿಯಂಥ ಕಡೆ ಇದರ ಪೆಟ್ಟು ಜೋರಾಗಿಯೇ ಬೀಳುತ್ತದೆ. ಹಳ್ಳಿಯಾಗಿದ್ದದ್ದು ಬಡಾವಣೆಯಾಗಿ, ಬಾಡಿಗೆ ಮನೆಗಳು ತುಂಬಿ, ಬೇರೆ ಬೇರೆ ಊರಿನವರು ಬಂದು ನೆಲೆಸಿದ ಜಾಗವಿದು. ಮಗುವಿಗೆ ರಾತ್ರಿ ಜ್ವರ ಬಂದರೆ ಯಾವ ಡಾಕ್ಟರ ಹತ್ತಿರ ಹೋಗುವುದೆಂದು ಕೇಳಲು ಪರಿಚಯದವರಿಲ್ಲದಾಗ ಫೋನನ್ನೇ ಕೇಳಬೇಕಾಗುತ್ತದೆ. ಆ ಫೋನು ಕೊಡುವ ಉತ್ತರ ನಂಬುವಂತಿರಬೇಕು. ನನ್ನ ವಾದ ಇಷ್ಟು: ಹೇಳಿಕೊಳ್ಳಲು ನಿಯಮ ವೈದ್ಯರಿಗೆ ಬಿಟ್ಟುಕೊಟ್ಟಿರುವ ಸಂಗತಿಗಳೂ ರೋಗಿ ತಿಳಿಯಲೇಬೇಕಾದ ಸಂಗತಿಗಳೂ ಹೆಚ್ಚುಕಡಿಮೆ ಒಂದೇ. ಅವನ್ನು ಪೂರ್ತಿಯಾಗಿ, ನಿಜವಾಗಿ, ಕನ್ನಡದಲ್ಲಿ ಹೇಳಿದರೆ ಒಂದು ಕ್ಲಿನಿಕ್ಕಿಗೆ ಬೇಕಾದಷ್ಟು ಪ್ರಚಾರ ಸಿಗುತ್ತದೆ.

'ಜಾಹೀರಾತು ಪೂರ್ತಿ ನಿಷಿದ್ಧ' ಎಂಬ ಮಾತಿಗೆ ಮೂಲ, ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿ ನಡವಳಿಕೆ ಮತ್ತು ನೀತಿ ನಿಯಮಾವಳಿ. ರೋಗಿಗಳನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತಮ್ಮ ಕಡೆಗೆ ಸೆಳೆಯಲು ಪ್ರಚಾರ ಮಾಡುವುದು ಅನೀತಿ ಎಂದು ಅದರ ಆರನೇ ಅಧ್ಯಾಯ ಹೇಳುತ್ತದೆ. ಲೆಟರ್‌ಹೆಡ್ಡಿನ ಮೇಲೆ, ಕ್ಲಿನಿಕ್ಕಿನ ಬೋರ್ಡಿನ ಮೇಲೆ ತಮ್ಮ ಫೋಟೊ ಹಾಕಿಕೊಳ್ಳುವಂತಿಲ್ಲ. ಬೋರ್ಡು ಅತಿ ದೊಡ್ಡದಾಗಿರುವಂತಿಲ್ಲ. ತಾವು ಕೂರದ ಮೆಡಿಕಲ್ ಸ್ಟೋರಿನ ಮೇಲೆ ಅದನ್ನು ತೂಗುಹಾಕುವಂತೆಯೂ ಇಲ್ಲ. ಆದರೆ ಇದೇ ನಿಯಮಾವಳಿ ಬಿಟ್ಟುಕೊಟ್ಟಿರುವುದನ್ನು ಓದುವವರು ಕಡಿಮೆ. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದಾಗ, ವಿಳಾಸ ಬದಲಾದಾಗ, ಕೆಲವು ದಿನ ರಜೆಯಲ್ಲಿದ್ದಾಗ, ಮರಳಿ ಬಂದಾಗ ಪ್ರಕಟಣೆ ಕೊಡಬಹುದು. ಫೀಸು ಎಷ್ಟೆಂದು ಸಾರ್ವಜನಿಕವಾಗಿ ತಿಳಿಸಬಹುದು. ವೈದ್ಯರು ನಡೆಸುವ ಹೆರಿಗೆ ಆಸ್ಪತ್ರೆ, ನರ್ಸಿಂಗ್ ಹೋಮುಗಳ ಹೆಸರು, ಸೇರಿಸಿಕೊಳ್ಳುವ ರೋಗಿಗಳ ಬಗೆ, ಸೌಲಭ್ಯ ಮತ್ತು ದರವನ್ನು ಜಾಹೀರಾತಿನಲ್ಲಿ ಕೊಡಬಹುದು. ಬೋರ್ಡಿನಲ್ಲಿ ಹೆಸರು, ಡಿಗ್ರಿ, ಪರಿಣತಿಯ ವಿಭಾಗ, ನೋಂದಣಿ ಸಂಖ್ಯೆ, ನೋಂದಾಯಿಸಿಕೊಂಡ ರಾಜ್ಯ ಪರಿಷತ್ತಿನ ಹೆಸರು ಇರಬಹುದು. ಇವಿಷ್ಟನ್ನೂ ಗೂಗಲ್ ಮ್ಯಾಪಿನ ಪುಟಕ್ಕೋ ಸ್ವಂತ ವೆಬ್‌ಸೈಟಿಗೋ ಏರಿಸಿದ ಬ್ಯಾಡರಹಳ್ಳಿಯ ಡಾಕ್ಟರು ನಿಯಮದ ಒಳಗೇ ಇರುತ್ತಾರೆ. ಭಾನುವಾರ ಬಾಗಿಲು ತೆರೆದಿರುತ್ತದೆಯೇ, ಡಾಕ್ಟರು ಸಂಜೆ ಎಷ್ಟು ಗಂಟೆಗೆ ಬರುತ್ತಾರೆ, ಇ.ಎಸ್.ಐ. ಕಾರ್ಡಿನವರು ಇಲ್ಲಿಗೆ ಬರಬೇಕೋ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೇ ಹೋಗಬೇಕೋ ಎಂಬುದನ್ನು ಬರೆದಿಟ್ಟರೆ ದಿನಗೂಲಿ ಬಿಟ್ಟು ಬರುವ ರೋಗಿಯ ಅರ್ಧ ದಿನ ಉಳಿಯುತ್ತದೆ.

ಅದೇ ನಿಯಮಾವಳಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಒಂದು ಮಾತಿದೆ. ಸಾರ್ವಜನಿಕ ಆರೋಗ್ಯ, ಶುಚಿಯಾದ ಬದುಕು ಇವುಗಳ ಬಗ್ಗೆ ವೈದ್ಯರು ತಮ್ಮ ಹೆಸರಿನಲ್ಲೇ ಬರೆಯಬಹುದು, ಉಪನ್ಯಾಸ ಕೊಡಬಹುದು, ರೇಡಿಯೊ, ಟಿ.ವಿ. ಮತ್ತು ಇಂಟರ್‌ನೆಟ್ಟಿನಲ್ಲಿ ಮಾತನಾಡಬಹುದು. ಇಂಟರ್‌ನೆಟ್ ಎಂಬ ಪದ 2002ರಲ್ಲೇ ಅಲ್ಲಿ ಸೇರಿತ್ತು. ಸ್ವಂತ ಕ್ಲಿನಿಕ್ಕಿಗೆ ಜನರನ್ನು ಎಳೆಯುವ ಜಾಹೀರಾತಾಗಿ ಅದು ತಿರುಗಬಾರದು ಎಂಬುದೊಂದೇ ಷರತ್ತು. ಇದು ಕನ್ನಡಕ್ಕೆ ಹೊಸ ಹಾದಿಯೂ ಅಲ್ಲ. ಡಾ. ಅನುಪಮಾ ನಿರಂಜನ 'ತಾಯಿ ಮಗು' ಬರೆದಾಗ, ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಮಾನಸಿಕ ಆರೋಗ್ಯದ ಬಗ್ಗೆ ಒಂದರ ಮೇಲೊಂದು ಪುಸ್ತಕ ಕೊಟ್ಟಾಗ, ಓದುಗರಿಗೆ ಸಿಕ್ಕಿದ್ದು ತಿಳಿವಳಿಕೆ. ಅದರ ಜೊತೆಗೆ ಬರೆದವರ ಮೇಲೆ ತಾನಾಗಿ ಬೆಳೆದದ್ದು ವಿಶ್ವಾಸ. ಡೆಂಗಿ ಜ್ವರದಲ್ಲಿ ಯಾವ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು, ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕು ಎಂದು ಎರಡು ನಿಮಿಷದ ಕನ್ನಡ ವಿಡಿಯೊದಲ್ಲಿ ಸರಿಯಾಗಿ ಹೇಳುವ ಡಾಕ್ಟರು ಆ ಪರಂಪರೆಯಲ್ಲೇ ನಡೆಯುತ್ತಿದ್ದಾರೆ. ಎಷ್ಟೋ ಆಸ್ಪತ್ರೆಗಳ ವೆಬ್‌ಸೈಟುಗಳು ಇಂಗ್ಲಿಷಿನಲ್ಲಿ ಮಾತ್ರ ಇವೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಯೊಬ್ಬಳು ಫೋನಿಗೆ ಬಾಯಲ್ಲೇ ಕನ್ನಡದಲ್ಲಿ ಕೇಳುವ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಇದು ನಿಯಮ ತಂದ ಕೊರತೆಯಲ್ಲ, ಗಮನ ಸಾಲದ್ದರಿಂದ ಆದದ್ದು.

ಇನ್ನು ಎರಡನೆಯ ನಂಬಿಕೆ, 'ಆನ್‌ಲೈನಿಗೆ ಕಾನೂನಿಲ್ಲ' ಎಂಬುದು. ಇದು ಹಬ್ಬಲು ಒಂದು ಕಾರಣವಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ನಿಯಮಾವಳಿ ಹೊರಡಿಸಿತು. ಸೋಷಿಯಲ್ ಮೀಡಿಯಾಕ್ಕೆಂದೇ ಅದರಲ್ಲಿ ಮಾರ್ಗಸೂಚಿಗಳಿದ್ದವು. ಲೈಕು, ಫಾಲೋವರ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಬಾರದು, ರೋಗಿಗಳ ಹೊಗಳಿಕೆಯನ್ನು ಹಾಕಿಕೊಳ್ಳಬಾರದು ಎಂಬವೂ ಅವುಗಳಲ್ಲಿದ್ದವು. ಅದೇ ತಿಂಗಳ 23ರಂದು ಆ ನಿಯಮಾವಳಿಯನ್ನು ತಡೆಹಿಡಿಯಲಾಯಿತು. ತಡೆಹಿಡಿದ ಸುದ್ದಿ ಕೇಳಿದ ಹಲವರು ಇನ್ನು ಯಾವ ಕಟ್ಟುಪಾಡೂ ಇಲ್ಲ ಎಂದುಕೊಂಡರು. ವಾಸ್ತವದಲ್ಲಿ 2002ರ ನಿಯಮಾವಳಿಯೇ ಮತ್ತೆ ಜಾರಿಗೆ ಬಂತು. ಅದಲ್ಲದೆ ಬೇರೆ ಕಾಯ್ದೆಗಳೂ ಇವೆ. ಮಧುಮೇಹ, ಕ್ಯಾನ್ಸರ್ ಮುಂತಾದ ಪಟ್ಟಿ ಮಾಡಿದ ಕಾಯಿಲೆಗಳನ್ನು ಗುಣಪಡಿಸುತ್ತದೆಂದು ಯಾವುದೇ ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅಪರಾಧವೆನ್ನುತ್ತದೆ. ಬೆಳಕು, ಧ್ವನಿ ಅಥವಾ ಹೊಗೆಯ ಮೂಲಕ ಸಾರುವ ಯಾವುದೇ ಘೋಷಣೆಯೂ ಜಾಹೀರಾತೇ ಎಂದು ಆ ಕಾಯ್ದೆ ವಿವರಿಸಿದೆ. ಎಪ್ಪತ್ತು ವರ್ಷದ ಹಿಂದಿನ ಆ ಮಾತಿನಿಂದ ಇಂದಿನ ರೀಲ್ಸ್ ಹೊರಗುಳಿಯುವುದು ಹೇಗೆ? 'ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ' ಎಂದು ವಿಡಿಯೊ ಹಾಕುವವರು ಇದನ್ನೊಮ್ಮೆ ಓದಬೇಕು. ಭ್ರೂಣದ ಲಿಂಗ ಪತ್ತೆಯ ಜಾಹೀರಾತನ್ನು ನಿಷೇಧಿಸುವ 1994ರ ಕಾಯ್ದೆಯಲ್ಲಿ ಇಂಟರ್‌ನೆಟ್ಟಿನ ಹೆಸರೇ ಇದೆ. ಅಂಥ ಜಾಹೀರಾತುಗಳನ್ನು ತಡೆಯುವಂತೆ ಸುಪ್ರೀಂ ಕೋರ್ಟ್ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಕಂಪನಿಗಳಿಗೇ ನಿರ್ದೇಶನ ಕೊಟ್ಟಿತ್ತು.

'ಆದರೆ ಕಾರ್ಪೊರೇಟ್ ಆಸ್ಪತ್ರೆಗಳು ರಾಜಾರೋಷವಾಗಿ ಡಾಕ್ಟರುಗಳ ಮುಖವನ್ನು ಹೋರ್ಡಿಂಗಿಗೂ ಫೇಸ್‌ಬುಕ್ಕಿಗೂ ಹಾಕುತ್ತವಲ್ಲ, ಅವರಿಗೊಂದು ನ್ಯಾಯ, ಚಿಕ್ಕ ಕ್ಲಿನಿಕ್ಕಿಗೊಂದು ನ್ಯಾಯವೇ?' ಈ ಆಕ್ಷೇಪದಲ್ಲಿ ಹುರುಳಿದೆ. ವೈದ್ಯಕೀಯ ಪರಿಷತ್ತಿನ ಶಿಸ್ತು ಕ್ರಮ ನೋಂದಾಯಿತ ವೈದ್ಯರಿಗೆ ತಟ್ಟುತ್ತದೆಯೇ ಹೊರತು ಆಸ್ಪತ್ರೆಯೆಂಬ ಸಂಸ್ಥೆಯ ಮೇಲೆ ಪರಿಷತ್ತಿಗೆ ಅಧಿಕಾರವಿಲ್ಲ ಎಂದು ದೆಹಲಿ ಹೈಕೋರ್ಟ್ 2014ರಲ್ಲಿ ಹೇಳಿತು. ಇದು ನಿಜವಾದ ಲೋಪ, ತುಂಬಬೇಕಾದ ಲೋಪ. ಹಾಗೆಂದು ಆಸ್ಪತ್ರೆಗಳಿಗೆ ಬಯಲು ಬಿಟ್ಟಿಲ್ಲ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಮಾನಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ದೊಡ್ಡವರು ದಾಟಿದ ಗೆರೆಯನ್ನು ತಾನೂ ದಾಟಿದ ಚಿಕ್ಕ ಕ್ಲಿನಿಕ್ಕಿಗೆ ಅವರ ವಕೀಲರೂ ಇರುವುದಿಲ್ಲ, ಅವರ ಬಜೆಟ್ಟೂ ಇರುವುದಿಲ್ಲ.

ಬಜೆಟ್ಟಿನ ಮಾತು ಬಂದದ್ದರಿಂದ ಇನ್ನೊಂದು ತಪ್ಪು ಕಲ್ಪನೆ: ಗೂಗಲ್‌ನಲ್ಲಿ ಮೇಲೆ ಬರಬೇಕಾದರೆ ದುಡ್ಡು ಸುರಿಯಬೇಕು, ಮೇಲೆ ಬಂದವರೇ ಒಳ್ಳೆಯ ಡಾಕ್ಟರು. ಹುಡುಕಾಟದ ಫಲಿತಾಂಶದಲ್ಲಿ ದುಡ್ಡು ಕೊಟ್ಟ ಜಾಹೀರಾತಿನ ಮೇಲೆ ಪ್ರಾಯೋಜಿತ ಎಂಬ ಗುರುತು ಇರುತ್ತದೆ. ಅದನ್ನು ಬಿಟ್ಟು ಮ್ಯಾಪಿನಲ್ಲಿ ಬರುವ ಸ್ಥಳೀಯ ಪಟ್ಟಿಗೆ ಗೂಗಲ್ ಹೇಳುವ ಅಳತೆಗೋಲು ಮೂರು: ಹುಡುಕಿದ ವಿಷಯಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರಾಗಿದೆ. ಈ ಪಟ್ಟಿಯಲ್ಲಿ ಮೇಲಿನ ಸ್ಥಾನವನ್ನು ದುಡ್ಡು ಕೊಟ್ಟು ಪಡೆಯಲಾಗದು ಎಂದೂ ಅದು ಹೇಳುತ್ತದೆ. ದೂರವೂ ಲೆಕ್ಕಕ್ಕೆ ಬರುವುದರಿಂದ ಬ್ಯಾಡರಹಳ್ಳಿಯಲ್ಲಿ ನಿಂತು ಮಕ್ಕಳ ಡಾಕ್ಟರನ್ನು ಹುಡುಕುವವರಿಗೆ ಅಲ್ಲಿನ ಚಿಕ್ಕ ಕ್ಲಿನಿಕ್ ಕಾಣುವ ಸಾಧ್ಯತೆ ಚೆನ್ನಾಗಿಯೇ ಇದೆ. ಪುಟ ತೆರೆಯುವುದು ಉಚಿತ. ಸಮಯ, ಫೋನ್ ನಂಬರು, ವಿಭಾಗ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿಯಿತು. ರೋಗಿಯೂ ತಿಳಿದಿರಬೇಕಾದ್ದು, ಆ ಮೂರು ಅಳತೆಗೋಲುಗಳಲ್ಲಿ ಚಿಕಿತ್ಸೆಯ ಗುಣಮಟ್ಟವಿಲ್ಲ. 'ನಂಬರ್ ಒನ್ ಮಾಡಿಕೊಡುತ್ತೇವೆ' ಎಂದು ಬರುವ ಏಜೆನ್ಸಿ ರೋಗಿಯೊಬ್ಬರಿಗೆ ಇಷ್ಟೆಂದು ಹಣ ಕೇಳಿದರೆ ಡಾಕ್ಟರು ಇನ್ನೂ ಎಚ್ಚರ ವಹಿಸಬೇಕು. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ 2002ರ ನಿಯಮಾವಳಿ ನಿಷೇಧಿಸಿದೆ. ಕಳಿಸಿದವರು ಮನುಷ್ಯರಾದರೇನು, ಆ್ಯಪ್ ಆದರೇನು, ಕೊಟ್ಟದ್ದು ಕಮಿಷನ್ನೇ ಎಂಬುದು ನನ್ನ ಅಭಿಪ್ರಾಯ.

ಐದು ನಕ್ಷತ್ರಗಳ ಮೇಲಿನ ನಂಬಿಕೆ ಇದಕ್ಕಿಂತ ಆಳವಾದದ್ದು, ಬಿಡಿಸಲು ಕಷ್ಟವಾದದ್ದು. ರೋಗಿ ನೋಡಿ ತಿಳಿಯಬಲ್ಲ ಸಂಗತಿಗಳಿವೆ: ಎಷ್ಟು ಹೊತ್ತು ಕಾಯಿಸಿದರು, ಮಾತಿಗೆ ಕಿವಿಗೊಟ್ಟರೇ, ಶೌಚಾಲಯ ಶುಚಿಯಾಗಿತ್ತೇ, ಬಿಲ್ಲಿನಲ್ಲಿ ಹೇಳದ ಖರ್ಚು ಸೇರಿತ್ತೇ. ಇವನ್ನು ಬರೆಯುವ ಹಕ್ಕು ರೋಗಿಗೆ ಪೂರ್ತಿಯಾಗಿ ಇದೆ. ಅದನ್ನು ಓದುವುದರಿಂದ ಲಾಭವೂ ಇದೆ. ಆದರೆ ರೋಗ ಪತ್ತೆ ಸರಿಯೇ, ಆಪರೇಷನ್ ಬೇಕಿತ್ತೇ ಎಂಬುದು ನಕ್ಷತ್ರಕ್ಕೆ ಸಿಗುವುದಿಲ್ಲ. ಅಮೆರಿಕದ ಸುಮಾರು 52,000 ವಯಸ್ಕರ ಮಾಹಿತಿಯನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೆಚ್ಚಿಬೀಳಿಸುವಂಥದ್ದು: ತಮ್ಮ ವೈದ್ಯರ ಬಗ್ಗೆ ಅತ್ಯಂತ ತೃಪ್ತರಾಗಿದ್ದವರು ಹೆಚ್ಚಾಗಿ ಆಸ್ಪತ್ರೆ ಸೇರಿದ್ದರು, ಔಷಧಕ್ಕೆ ಹೆಚ್ಚು ಖರ್ಚು ಮಾಡಿದ್ದರು, ಅವರಲ್ಲಿ ಸಾವಿನ ಪ್ರಮಾಣವೂ ಹೆಚ್ಚಿತ್ತು. ತೃಪ್ತಿಯೇ ಸಾವಿಗೆ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ತೃಪ್ತಿಯೂ ಒಳ್ಳೆಯ ಚಿಕಿತ್ಸೆಯೂ ಒಂದೇ ಎಂದು ಹೇಳಲು ಬರುವುದಿಲ್ಲ ಎಂಬುದಕ್ಕಂತೂ ಇಷ್ಟು ಸಾಕು. ನೆಗಡಿಗೆ ಆಂಟಿಬಯಾಟಿಕ್ ಬೇಡವೆಂದು ವಿವರಿಸಿ ಕಳಿಸಿದ ಡಾಕ್ಟರಿಗೆ ಒಂದು ನಕ್ಷತ್ರ, ಕೇಳಿದ ತಕ್ಷಣ ಇಂಜೆಕ್ಷನ್ ಚುಚ್ಚಿದವರಿಗೆ ಐದು ನಕ್ಷತ್ರ ಸಿಗಬಹುದು. ಇಂಥ ಕೆಟ್ಟ ವಿಮರ್ಶೆಗೆ ಉತ್ತರಿಸುವಾಗ ಡಾಕ್ಟರುಗಳು ಇನ್ನೊಂದು ತಪ್ಪು ಮಾಡುತ್ತಾರೆ. ತಮ್ಮನ್ನು ಸಮರ್ಥಿಸಿಕೊಳ್ಳುವ ಆತುರದಲ್ಲಿ ರೋಗಿಯ ಕಾಯಿಲೆಯನ್ನೇ ಬಯಲಿಗಿಡುತ್ತಾರೆ. ಚಿಕಿತ್ಸೆಯ ವೇಳೆ ತಿಳಿದ ಗುಟ್ಟನ್ನು ಬಿಟ್ಟುಕೊಡುವುದು ವೃತ್ತಿ ದುರ್ನಡತೆ. 'ತೊಂದರೆಯಾದದ್ದಕ್ಕೆ ವಿಷಾದವಿದೆ, ದಯವಿಟ್ಟು ಕ್ಲಿನಿಕ್ಕಿಗೆ ಫೋನ್ ಮಾಡಿ' ಎಂಬುದಕ್ಕಿಂತ ಹೆಚ್ಚು ಬರೆಯುವ ಅಗತ್ಯವಿಲ್ಲ.

ರೋಗಿ ಒಪ್ಪಿದರೆ ಅವರ ವಿಡಿಯೊ ಹಾಕುವುದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ಆಪರೇಷನ್ ಆಗಿ ಮೂರನೇ ದಿನ, ಇನ್ನೂ ಅದೇ ಡಾಕ್ಟರ ಕೈಯಲ್ಲಿ ಹೊಲಿಗೆ ಬಿಚ್ಚಿಸಿಕೊಳ್ಳಬೇಕಾದ ರೋಗಿ 'ಬೇಡ ಸಾರ್' ಎನ್ನಬಲ್ಲರೇ? ಆ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆ ಎನ್ನಲು ನನಗೆ ಮನಸ್ಸು ಬಾರದು. ಒಪ್ಪಿಗೆ ನಿಜವೇ ಇದ್ದರೂ ಸಾಕ್ಷ್ಯ ಸುಳ್ಳಾಗಬಹುದು: ಗುಣವಾದವರ ವಿಡಿಯೊ ಮಾತ್ರ ಹೊರಬರುತ್ತದೆ, ಗುಣವಾಗದವರನ್ನು ಯಾರೂ ಕ್ಯಾಮೆರಾ ಮುಂದೆ ಕೂರಿಸುವುದಿಲ್ಲ. ಮುಂದೆ ಬರುವ ರೋಗಿಗೆ ಅದರಿಂದ ಸಿಗುವುದು ಆಸೆ; ತನಗೆ ಏನಾಗಬಹುದೆಂಬ ತಿಳಿವಳಿಕೆ ಸಿಗುವುದಿಲ್ಲ.

ಎರಡು ಆಕ್ಷೇಪಗಳು ಉಳಿದವು. ಜಾಹೀರಾತಿಗೆ ಕಡಿವಾಣ ಹಾಕಿದರೆ ಹೆಸರಾದವರಿಗೇ ಲಾಭ, ದರ ಮುಚ್ಚಿಹೋಗುತ್ತದೆ, ಪೈಪೋಟಿ ಸಾಯುತ್ತದೆ ಎಂಬುದು ಮೊದಲನೆಯದು. ಇದೇ ವಾದದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಅಲ್ಲಿನ ವೈದ್ಯರ ಸಂಘದ ಜಾಹೀರಾತು ನಿಷೇಧವನ್ನು ಪ್ರಶ್ನಿಸಿ, 1982ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಗೆದ್ದಿತು. ನಮ್ಮ ನಿಯಮಕ್ಕೆ ಆ ಟೀಕೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ದರ ಹೇಳುವುದಕ್ಕೆ ತಡೆಯೇ ಇಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳು ದರಪಟ್ಟಿ ಪ್ರದರ್ಶಿಸಬೇಕೆಂದು ಕರ್ನಾಟಕದ 2007ರ ಕಾಯ್ದೆಯೇ ಹೇಳುತ್ತದೆ. ಗೋಡೆಯ ಮೇಲಿರಬೇಕಾದ ಆ ಪಟ್ಟಿ ವೆಬ್‌ಸೈಟಿನಲ್ಲಿಯೂ ಇರಲಿ, ಮನೆಯಿಂದ ಹೊರಡುವ ಮೊದಲೇ ರೋಗಿ ನೋಡಲಿ. ಒಳ್ಳೆಯ ಡಾಕ್ಟರಿಗೆ ಪ್ರಚಾರ ಯಾಕೆ, ಬಾಯಿಂದ ಬಾಯಿಗೆ ಹೆಸರು ಹಬ್ಬುತ್ತದಲ್ಲ ಎಂಬುದು ಎರಡನೆಯದು. ಬಸವೇಶ್ವರನಗರದ ಕಡೆಯವರಿಗೆ ಮೋದಿ ಆಸ್ಪತ್ರೆ ರಸ್ತೆ ಗೊತ್ತು. ಆ ಹೆಸರಿನ ಡಾ. ಎಂ.ಸಿ. ಮೋದಿ ಊರೂರು ಸುತ್ತಿ ಉಚಿತ ಕಣ್ಣಿನ ಶಿಬಿರ ನಡೆಸಿದವರು, 1968ರಲ್ಲಿ ಪದ್ಮಭೂಷಣ ಪಡೆದವರು. ಅವರ ಕೀರ್ತಿ ಹಬ್ಬಿದ್ದು ಕಣ್ಣು ಬಂದವರ ಬಾಯಿಂದ. ಆದರೂ ಶಿಬಿರ ಎಲ್ಲಿ, ಯಾವ ದಿನ, ದುಡ್ಡು ಬೇಕೇ ಬೇಡವೇ ಎಂಬುದು ಮೊದಲೇ ತಿಳಿಯದೆ ಸಾವಿರಾರು ಜನ ಒಂದೆಡೆ ಸೇರಲಾರರು. ಆ ಕಾಲಕ್ಕೆ ಅಷ್ಟು ಸುದ್ದಿ ಬೇಕಿತ್ತು, ಈ ಕಾಲಕ್ಕೂ ಅಷ್ಟೇ ಬೇಕು.

ರಾಜ್ಯದ ಆರೋಗ್ಯ ಇಲಾಖೆ 2024ರಲ್ಲಿ ನಕಲಿ ವೈದ್ಯರ ಹಾವಳಿ ತಡೆಯಲು ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳು ಆ 2007ರ ಕಾಯ್ದೆಯಡಿ ಸಿಗುವ ಕೆ.ಪಿ.ಎಂ.ಇ. ನೋಂದಣಿ ಸಂಖ್ಯೆಯನ್ನು ಬೋರ್ಡಿನಲ್ಲಿ ಹಾಕಬೇಕು, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣದ ಬೋರ್ಡು ಇರಬೇಕು ಎಂದು ಸೂಚಿಸಿತು. ಮೊಬೈಲಿನಲ್ಲಿ ಕಾಣುವ ಪುಟವೂ ಬೋರ್ಡೇ ಆದ್ದರಿಂದ ಆ ಸಂಖ್ಯೆ ಅಲ್ಲಿಯೂ ಇರಲಿ ಎಂದು ವೈದ್ಯರಲ್ಲಿ ವಿನಂತಿ. ಓದುಗರಲ್ಲಿ ಇನ್ನೊಂದು: ಹೊಸ ಅಲೋಪಥಿ ಡಾಕ್ಟರ ಹತ್ತಿರ ಹೋಗುವ ಮೊದಲು ನಕ್ಷತ್ರಗಳನ್ನು ಎಣಿಸುವ ಬದಲು ಅವರ ಹೆಸರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಪಟ್ಟಿಯಲ್ಲಿ ಹುಡುಕಿ. ಹೆಸರು ಅಲ್ಲಿಲ್ಲದೆ, ವಿಡಿಯೊ ಮಾತ್ರ ಎಲ್ಲೆಡೆ ಇದ್ದರೆ, ಮಗುವನ್ನು ಅಲ್ಲಿಗೆ ಕರೆದೊಯ್ಯಬೇಡಿ.