ಮೂರನೇ ಪಿನ್ನಿಗೂ ಅರ್ಥವಿದೆ

ಮಂಡಕಳ್ಳಿಯಲ್ಲಿ ಮನೆ ಮಾಡಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ವಿಮಾನದ ಸದ್ದು ತೊಂದ್ರೆ ಕೊಡಲ್ವಾ?" ಖಂಡಿತ ಇಲ್ಲ. ನಮ್ಮ ಏರ್‌ಪೋರ್ಟಿಗೆ ದಿನಕ್ಕೆ ಬರೋದೇ ಬೆರಳೆಣಿಕೆಯಷ್ಟು ವಿಮಾನ. ಬರುತ್ತವೆ, ಹೋಗುತ್ತವೆ. ನನ್ನ ತಲೆ ತಿಂದಿದ್ದು ಬೇರೆ ಸದ್ದು. ಗಿಟಾರ್ ಆಂಪ್ಲಿಫೈಯರಿಗೆ ಲ್ಯಾಪ್‌ಟಾಪ್ ಜೋಡಿಸಿದ ಕೂಡಲೇ ಶುರುವಾಗಿ, ಕೇಬಲ್ ಕಿತ್ತರೆ ಮಾತ್ರ ನಿಲ್ಲುತ್ತಿದ್ದ ಗುಂಯ್ ಎನ್ನುವ ಸದ್ದು.

ಆ ವರ್ಷ ನಮ್ಮ ಬಡಾವಣೆಯ ಗಣೇಶನ ಕಾರ್ಯಕ್ರಮದಲ್ಲಿ ಅಮ್ಮ ದೇವರನಾಮ ಹಾಡೋದು, ನಾನು ಗಿಟಾರ್ ನುಡಿಸೋದು ಅಂತ ತೀರ್ಮಾನವಾಗಿತ್ತು. ಶ್ರುತಿ, ತಬಲಾ ಎರಡೂ ಲ್ಯಾಪ್‌ಟಾಪಿನಿಂದ. ಆಂಪ್ ಸೆಕೆಂಡ್ ಹ್ಯಾಂಡ್, ಹಳೆಯದು. ಗುಂಯ್ ಸದ್ದಿನ ಬಗ್ಗೆ ಗೆಳೆಯನಿಗೆ ಫೋನ್ ಮಾಡಿದೆ. "ಅಯ್ಯೋ ಮಗಾ, ಅರ್ಥ್ ವೈರ್ ತೆಗೆದುಬಿಡು, ಎಲ್ಲರೂ ಅದನ್ನೇ ಮಾಡೋದು" ಅಂದ.

ಪ್ಲಗ್ ಟಾಪ್ ಬಿಚ್ಚಿದೆ. ಹಸಿರು ವೈರನ್ನು ಸ್ಕ್ರೂವಿನಿಂದ ಬಿಡಿಸಿ, ಮಡಚಿ, ಟೇಪ್ ಸುತ್ತಿ ಮುಚ್ಚಿದೆ. ಆನ್ ಮಾಡಿದರೆ ಸದ್ದೇ ಇಲ್ಲ! ಮೂರು ತಿಂಗಳಿಂದ ಕಾಡಿದ ಬಗ್ ಎರಡು ನಿಮಿಷದಲ್ಲಿ ಸರಿಹೋದ ಖುಷಿ. ಹೊರಗಿನಿಂದ ನೋಡಿದರೆ ಅದು ಮೂರು ಪಿನ್ನಿನ ಒಳ್ಳೆಯ ಪ್ಲಗ್ಗೇ. ಒಳಗೆ ಏನಿಲ್ಲ ಅನ್ನೋದು ನನಗೊಬ್ಬನಿಗೇ ಗೊತ್ತಿತ್ತು.

"ಕೈ ಜುಮ್ ಅಂತಲ್ಲೋ"

ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಮಳೆ ಹಿಡಿಯಿತು. ಗುಂಯ್ ಸದ್ದು ಸಣ್ಣಗೆ ವಾಪಸ್ ಬಂತು. ಕೇಬಲ್ ಲೂಸ್ ಇರಬೇಕು ಅಂದುಕೊಂಡೆ. ಒಂದು ಸಂಜೆ ಅಭ್ಯಾಸ ಮುಗಿಸಿ, ಲ್ಯಾಪ್‌ಟಾಪ್ ಬಿಡಿಸಿಕೊಂಡು ಆಫೀಸ್ ಕಾಲ್‌ಗೆ ಒಳಗೆ ಹೋದೆ. ಜಮಖಾನದ ಮೇಲೆ ನಿಂತಿದ್ದ ಅಮ್ಮ ಆಂಪ್ ಆಫ್ ಮಾಡಲು ಹೋಗಿ, "ಏನೋ ಇದು, ಕೈ ಜುಮ್ ಅಂತಲ್ಲೋ" ಅಂದರು.

"ಸ್ಟ್ಯಾಟಿಕ್ ಕಣಮ್ಮ, ಏನಾಗಲ್ಲ" ಅಂದೆ. ಹೆಡ್‌ಸೆಟ್ ಕೂಡ ತೆಗೆಯದೆ ಅಂದೆ.

ಮರುದಿನ ಬೆಳಿಗ್ಗೆಯೂ ಹಾಗೇ, ಆಂಪ್ ಆನ್ ಇಟ್ಟು ಲ್ಯಾಪ್‌ಟಾಪ್ ಮಾತ್ರ ಎತ್ತಿಕೊಂಡು ಹೋಗಿದ್ದೆ. ಅಮ್ಮ ನೆಲ ಒರೆಸುತ್ತಿದ್ದರು. ಬರಿಗಾಲು, ಒದ್ದೆ ನೆಲ, ಒದ್ದೆ ಕೈ. ಆಂಪನ್ನು ಪಕ್ಕಕ್ಕೆ ಸರಿಸಲು ಅದರ ಲೋಹದ ಪ್ಯಾನೆಲ್ ಮುಟ್ಟಿದರು. ಆ ಕೂಗು ಕೇಳಿ ಓಡಿ ಬಂದೆ. ಅವರು ಗೋಡೆಗೆ ಒರಗಿ ಕೂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಡುಗುತ್ತಿದ್ದರು. ತಾಗಿದ್ದು ಬೆರಳ ತುದಿ ಮಾತ್ರ. ಪ್ಯಾನೆಲನ್ನು ಮುಷ್ಟಿಯಲ್ಲಿ ಹಿಡಿದಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಓದಿ ತಿಳಿದುಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿದೆವು. ಏನೂ ತೊಂದರೆ ಇರಲಿಲ್ಲ. ಸಂಜೆ ಎಲೆಕ್ಟ್ರಿಷಿಯನ್ ಬಂದರು. ಹೋಲ್ಡರಿಗೆ ಎರಡು ವೈರ್ ಸಿಕ್ಕಿಸಿದ, ಪೂಜೆ ಕೋಣೆಯಲ್ಲಿ ಹಾಕುತ್ತಾರಲ್ಲ, ಆ ಜೀರೋ ಬಲ್ಬು ಅವರ ಬಳಿ ಇತ್ತು. ಒಂದು ವೈರ್ ಆಂಪಿನ ಬಾಡಿಗೆ, ಇನ್ನೊಂದು ಸಾಕೆಟ್ಟಿನ ಅರ್ಥಿಗೆ ಹಿಡಿದರು. ಬಲ್ಬ್ ಕೆಂಪಗೆ ಮಿಣುಕಿತು. "ಬಾಡಿಗೆ ಕರೆಂಟ್ ಬರ್ತಿದೆ ಸಾರ್" ಅಂದವರು ಪ್ಲಗ್ ಬಿಚ್ಚಿದರು. ಟೇಪ್ ಸುತ್ತಿದ ಹಸಿರು ವೈರ್ ಹೊರಗೆ ಬಂತು. "ಇದನ್ನ ಬಿಚ್ಚಿದ್ದು ಯಾರು?"

ನಾನು ಸುಮ್ಮನಿದ್ದೆ. ಅಮ್ಮನೇ ಹೇಳಿದರು: "ನಮ್ಮನೆ ಇಂಜಿನಿಯರ್ರು."

ಗುಂಯ್ ಅನ್ನೋದು ಎಲ್ಲಿಂದ ಬರುತ್ತೆ?

ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ಎಸಿ ಕರೆಂಟ್. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ 3ನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಸ್. ಅಂದರೆ ಕರೆಂಟಿಗೂ ಒಂದು ಶ್ರುತಿ ಇದೆ. ಅದು ಸ್ಪೀಕರಿನೊಳಗೆ ನುಸುಳಿದಾಗ ನಮಗೆ ಗುಂಯ್ ಅಂತ ಕೇಳಿಸುತ್ತದೆ.

ಹೇಗೆ ನುಸುಳುತ್ತದೆ? ಆಂಪಿಗೆ ಒಂದು ಅರ್ಥ್, ಲ್ಯಾಪ್‌ಟಾಪ್ ಚಾರ್ಜರಿಗೆ ಇನ್ನೊಂದು ಅರ್ಥ್. ಎರಡೂ ಕೊನೆಗೆ ನೆಲದಲ್ಲಿ ಸೇರುತ್ತವೆ. ನಡುವೆ ನಾವು ಆಡಿಯೋ ಕೇಬಲ್ ಹಾಕುತ್ತೇವೆ. ಅದರ ಹೊರಪದರದ ತಂತಿಯೂ ಎರಡು ಯಂತ್ರಗಳ ಅರ್ಥನ್ನು ಜೋಡಿಸುತ್ತದೆ. ಅಲ್ಲಿಗೆ ಒಂದು ಸುತ್ತು ಪೂರ್ತಿಯಾಯಿತು. ಇದೇ ಗ್ರೌಂಡ್ ಲೂಪ್. ಆ ಸುತ್ತಿನಲ್ಲಿ ಅತಿ ಸಣ್ಣ ಕರೆಂಟ್ ಹರಿಯುತ್ತದೆ. ಆಂಪ್ ಅದನ್ನೂ ಸಂಗೀತ ಅಂದುಕೊಂಡು ದೊಡ್ಡದು ಮಾಡುತ್ತದೆ.

ಸುತ್ತನ್ನು ಎಲ್ಲಿ ಕತ್ತರಿಸಿದರೂ ಸದ್ದು ನಿಲ್ಲುತ್ತದೆ. ಅರ್ಥ್ ವೈರ್ ತೆಗೆದಾಗ ಸದ್ದು ಹೋಗುವುದು ಅದಕ್ಕೇ. ಆದರೆ ಕತ್ತರಿಸಬೇಕಾದ್ದು ಆಡಿಯೋ ಕೇಬಲ್ ಕಡೆಯ ದಾರಿಯನ್ನು. ನಾನು ಕತ್ತರಿಸಿದ್ದು ಜೀವ ಕಾಯುವ ದಾರಿಯನ್ನು.

ಅರ್ಥ್ ಪಿನ್ನನ್ನೇ ಒಮ್ಮೆ ನೋಡಿ. ಉಳಿದೆರಡಕ್ಕಿಂತ ಉದ್ದ, ದಪ್ಪ. ಪ್ಲಗ್ ಹಾಕುವಾಗ ಮೊದಲು ಅದು ತಾಗಬೇಕು, ತೆಗೆಯುವಾಗ ಕೊನೆಗೆ ಅದು ಬಿಡಬೇಕು ಅಂತಲೇ ಹಾಗೆ ಮಾಡಿದ್ದಾರೆ. ದಿನನಿತ್ಯ ಅದಕ್ಕೆ ಕೆಲಸವೇ ಇಲ್ಲ. ಒಳಗೆ ಏನೋ ಕೆಟ್ಟು ಕರೆಂಟ್ ಲೋಹದ ಬಾಡಿಗೆ ಬಂದ ದಿನ, ಅದನ್ನು ನೆಲಕ್ಕೆ ಸಾಗಿಸುವುದು ಮಾತ್ರ ಅದರ ಕೆಲಸ.

ನಮ್ಮ ಆಂಪಿನಲ್ಲಿ ಆಗಿದ್ದೂ ಅದೇ. ರಿಪೇರಿಯವರು ತೋರಿಸಿದರು: ಕರೆಂಟ್ ಒಳಬರುವ ಜಾಗದಲ್ಲಿ, ಲೈನಿಗೂ ಬಾಡಿಗೂ ನಡುವೆ ಇದ್ದ ಹಳೆಯ ಕೆಪಾಸಿಟರ್ ಹಾಳಾಗಿ ಸೋರುತ್ತಿತ್ತು. ಲ್ಯಾಪ್‌ಟಾಪ್ ಕೇಬಲ್ ಇದ್ದಷ್ಟು ಹೊತ್ತು ಸೋರಿದ ಕರೆಂಟ್ ಅದರ ಮೂಲಕ ಹೋಗುತ್ತಿತ್ತು. ಗುಂಯ್ ವಾಪಸ್ ಬಂದಿದ್ದು ಅದಕ್ಕೇ. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದ ಮೇಲೆ ಆ ದಾರಿಯೂ ಮುಚ್ಚಿತು. ಉಳಿದಿದ್ದು ಅಮ್ಮ.

ಎಷ್ಟು ಕರೆಂಟ್ ಸಾಕು?

1 ಮಿಲಿ ಆಂಪಿಯರ್ ಹತ್ತಿರಕ್ಕೆ ಬಂದರೆ ಜುಮ್ ಅನ್ನಿಸುತ್ತದೆ. 10ರಿಂದ 20ರಲ್ಲಿ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲು ಆಗದೇ ಹೋಗಬಹುದು. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಉಸಿರಿಗೂ ಹೃದಯಕ್ಕೂ ಅಪಾಯ. ಒಂದು ಜೀರೋ ಬಲ್ಬ್ ಪೂರ್ತಿ ಉರಿಯಲು ಬೇಕಾದ್ದೇ ಸುಮಾರು 65 ಮಿಲಿ ಆಂಪಿಯರ್.

"ಮನೇಲಿ ಎಂಸಿಬಿ ಇದೆಯಲ್ಲ" ಅಂತ ನಾನೂ ಅಂದುಕೊಂಡಿದ್ದೆ. 16 ಆಂಪಿಯರ್ ಎಂಸಿಬಿ ಅಂದರೆ 16,000 ಮಿಲಿ ಆಂಪಿಯರ್. ಅದು ಕಾಯುವುದು ವೈರಿಂಗನ್ನು, ನಮ್ಮನ್ನಲ್ಲ. ನಮ್ಮನ್ನು ಕಾಯುವುದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಹೋದ ಕರೆಂಟ್ ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ಲೆಕ್ಕ ನೋಡುತ್ತದೆ. ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರಿಪ್. ನಮ್ಮ ಬಾಡಿಗೆ ಮನೆಯಲ್ಲಿ ಅದು ಇರಲಿಲ್ಲ.

ಗಿಟಾರ್ ನುಡಿಸುವವರಿಗೆ ಅಪಾಯ ಇನ್ನೂ ಒಂದು ಕೈ ಹೆಚ್ಚು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ ಆಂಪಿನ ಬಾಡಿಗೇ ಸೇರಿರುತ್ತವೆ. ಬೆವರಿದ ಬೆರಳು ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಎರಡರ ನಡುವೆ ವೋಲ್ಟೇಜ್ ಇದ್ದರೆ ನಾವೇ ವೈರ್. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಕುಸಿದು ತೀರಿಕೊಂಡರು. 1976ರ ಮೇ ತಿಂಗಳಲ್ಲಿ ಯಾರ್ಡ್‌ಬರ್ಡ್ಸ್ ತಂಡದಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ ತಮ್ಮ ಮನೆಯಲ್ಲೇ, ಅರ್ಥಿಂಗ್ ಸರಿಯಿಲ್ಲದ ಗಿಟಾರ್ ನುಡಿಸುವಾಗ ಹೋದರು.

ಹಾಗಾದರೆ ಸದ್ದು ಹೋಗಿಸೋದು ಹೇಗೆ?

1. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್ ಇರಬಹುದು. ಚಾರ್ಜರಿನದೇ ಗಲಾಟೆಯೂ ಇರಬಹುದು.

2. ಗಿಟಾರ್ ಹಿಡಿದು ತಿರುಗಿದಾಗ ಸದ್ದು ಹೆಚ್ಚು ಕಡಿಮೆ ಆಗುತ್ತದಾ? ಹಾಗಾದರೆ ಅದು ಸಿಂಗಲ್ ಕಾಯಿಲ್ ಪಿಕಪ್ಪಿನ ಗುಣ. ಅರ್ಥಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಟ್ರಾನ್ಸ್‌ಫಾರ್ಮರ್, ಫ್ಯಾನ್ ರೆಗ್ಯುಲೇಟರ್‌ಗಳಿಂದ ದೂರ ಕೂತು ನುಡಿಸಿ.

3. ಎಲ್ಲ ಉಪಕರಣಗಳಿಗೂ ಒಂದೇ ಸಾಕೆಟ್ಟಿನಿಂದ, ಮೂರು ಪಿನ್ನಿನ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಮೂಲಕ ಕರೆಂಟ್ ಕೊಡಿ. ಸುತ್ತು ಚಿಕ್ಕದಾದಷ್ಟೂ ಸದ್ದು ಕಡಿಮೆ. ಹೀಟರ್, ಇಸ್ತ್ರಿ ಪೆಟ್ಟಿಗೆ ಅದಕ್ಕೆ ಬೇಡ.

4. ಆಡಿಯೋ ಕೇಬಲನ್ನೂ ಕರೆಂಟ್ ವೈರನ್ನೂ ಒಟ್ಟಿಗೆ ಸುತ್ತಿಡಬೇಡಿ.

5. ಆದರೂ ಹೋಗದಿದ್ದರೆ ಆಡಿಯೋ ಕೇಬಲ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಸಂಗೀತವನ್ನು ದಾಟಿಸಿ, ಅರ್ಥ್ ಜೋಡಣೆಯನ್ನು ಅಲ್ಲೇ ತಡೆಯುತ್ತದೆ. ವೇದಿಕೆಗಾದರೆ ಡಿಐ ಬಾಕ್ಸ್. ಅದರ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಆಡಿಯೋ ಕೇಬಲಿನ ಅರ್ಥನ್ನು ಮಾತ್ರ ಬಿಡಿಸುತ್ತದೆ, ಪ್ಲಗ್ಗಿನದನ್ನಲ್ಲ.

ನಮ್ಮ ಮನೆಯ ಸದ್ದು ಹೋಗಿದ್ದು ಐಸೊಲೇಟರಿನಿಂದ. ಹಸಿರು ವೈರ್ ವಾಪಸ್ ಸ್ಕ್ರೂ ಕೆಳಗೆ ಹೋಯಿತು.

ಇನ್ನೊಂದು ಮಾತು. ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಹಿಂದೆ ಅರ್ಥ್ ಇದೆ ಅಂತಲ್ಲ. ಕೆಲವು ಕಡೆ ಅರ್ಥ್ ವೈರನ್ನೇ ಎಳೆದಿರುವುದಿಲ್ಲ. ಇನ್ನು ಕೆಲವು ಕಡೆ ನ್ಯೂಟ್ರಲಿನಿಂದ ತುಂಡು ವೈರ್ ತಂದು ಅರ್ಥಿಗೆ ಸಿಕ್ಕಿಸಿರುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಮನೆಯ ಲೋಹದ ಬಾಡಿಗಳಿಗೆಲ್ಲ 230 ವೋಲ್ಟ್ ಬರಬಹುದು. ಮೂರು ಲೈಟಿನ ಸಾಕೆಟ್ ಟೆಸ್ಟರ್ ಈ ಮೋಸವನ್ನು ಹಿಡಿಯುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿಯೇ ನೋಡಬೇಕು. ಅರ್ಥ್ ಗುಂಡಿಯನ್ನೂ ನೋಡಿಸಿ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅದರ ಶಕ್ತಿ ಕುಗ್ಗುತ್ತದೆ. ನಮ್ಮ ಓನರ್ ಆರ್‌ಸಿಸಿಬಿ ಖರ್ಚಿನಲ್ಲಿ ಅರ್ಧ ಕೊಟ್ಟರು. ಅದರ ಟೆಸ್ಟ್ ಬಟನ್ ಒತ್ತಲು ಫೋನಿನಲ್ಲಿ ರಿಮೈಂಡರ್ ಹಾಕಿಕೊಂಡಿದ್ದೇನೆ.

ಗಣೇಶನ ಕಾರ್ಯಕ್ರಮದ ದಿನ ಸೋನೆ ಮಳೆ. ಶಾಮಿಯಾನದ ಕೆಳಗೆ ಜಮಖಾನ ತೇವವಾಗಿತ್ತು. ಜನರೇಟರಿಗೆ ಅರ್ಥ್ ರಾಡ್ ಹಾಕಿದ್ದಾರಾ ಅಂತ ಮೈಕ್ ಸೆಟ್ಟಿನವರನ್ನು ಕೇಳಿದೆ. ಕರೆದುಕೊಂಡು ಹೋಗಿ ತೋರಿಸಿದರು. ಮೈಕಿನ ಜಾಲರಿಗೂ ಗಿಟಾರ್ ತಂತಿಗೂ ನಡುವೆ ಮಲ್ಟಿಮೀಟರ್ ಹಿಡಿದೆ. ಸೊನ್ನೆಯ ಹತ್ತಿರ. ಸ್ಪೀಕರಿನಲ್ಲಿ ಸಣ್ಣದೊಂದು ಗುಂಯ್ ಇತ್ತು. ಇರಲಿ ಅಂತ ಬಿಟ್ಟೆ.

ಅಮ್ಮ ವೇದಿಕೆ ಹತ್ತಿ, ಮೈಕ್ ಮುಟ್ಟುವ ಮೊದಲು ನನ್ನ ಕಡೆ ತಿರುಗಿದರು. "ಹಸಿರು ವೈರ್ ಹಾಕಿದೀಯೇನೋ?" ಮೈಕ್ ಆನ್ ಇತ್ತು. ಬಡಾವಣೆಯೆಲ್ಲ ಕೇಳಿಸಿಕೊಂಡಿತು. "ಹಾಕಿದೀನಿ ಅಮ್ಮ" ಅಂದೆ. ಆಮೇಲೆ ಹಾಡಿದರು.