ಬಿಡುಗಡೆಯಾದರೂ ಬೆನ್ನು ಬಿಡದ ಸಾಲ

ಮಾನವ ಕಳ್ಳಸಾಗಣೆ ಎಂದೊಡನೆ ನಮ್ಮಲ್ಲಿ ಹಲವರಿಗೆ ಸಿನಿಮಾದ ದೃಶ್ಯ ನೆನಪಾಗುತ್ತದೆ. ನಿಜದಲ್ಲಿ ಅದು ಬಹಳ ಸಲ ಸಾಲದಿಂದಲೇ ಶುರುವಾಗುತ್ತದೆ. ಏಜೆಂಟನಿಗೆ ಕೊಡಲು ಬಡ್ಡಿಗೆ ತಂದ ಹಣ, ಕೈತಪ್ಪಿದ ಪಾಸ್‌ಪೋರ್ಟ್, ತಿಂಗಳುಗಟ್ಟಲೆ ಬಾರದ ಸಂಬಳ. ಹಿಡಿತದಲ್ಲಿ ಇಟ್ಟುಕೊಂಡವರು ಅದೇ ವ್ಯಕ್ತಿಯ ಗುರುತಿನ ಚೀಟಿ ತೋರಿಸಿ ಮೊಬೈಲ್ ಸಂಪರ್ಕ, ಕ್ರೆಡಿಟ್ ಕಾರ್ಡ್, ಬ್ಯಾಂಕ್ ಸಾಲ ಪಡೆಯುವುದೂ ಉಂಟು. ಮುಂದೆ ಪೊಲೀಸರು ಬಿಡಿಸಿ ತಂದಾಗ ಮನುಷ್ಯನಿಗೆ ಬಿಡುಗಡೆ ಸಿಗುತ್ತದೆ, ಅವನ ಹೆಸರಿಗೆ ಸಿಗುವುದಿಲ್ಲ. ಬಾಡಿಗೆ ಮನೆ ಕೇಳಿದರೂ, ಸಾಲ ಕೇಳಿದರೂ ಹಳೆಯ ಬಾಕಿ ಎದುರಿಗೆ ಬಂದು ನಿಲ್ಲುತ್ತದೆ.

ಗಲ್ಫಿನ ಆಸ್ಪತ್ರೆ ಫಾರ್ಮಸಿಯಲ್ಲಿ ವರ್ಷಗಟ್ಟಲೆ ದುಡಿದು, ಈಗ ಸ್ವೀಡನ್ನಿನ ಶೋವ್ಡೆಯಲ್ಲಿರುವ ನಾವು ಎರಡೂ ಕಡೆಯ ವ್ಯವಸ್ಥೆ ನೋಡಿದ್ದೇವೆ. ಇಲ್ಲಿಯದನ್ನು ತಿಳಿದರೆ ಅಲ್ಲಿರುವ ನಮ್ಮವರಿಗೂ ಉಪಯೋಗವಾದೀತು.

ಹತ್ತು ದಿನದ ಗಡುವು

ಶೋವ್ಡೆ ಎರಡು ದೊಡ್ಡ ಸರೋವರಗಳ ನಡುವಿನ ಊರು, ವೋಲ್ವೊ ಎಂಜಿನ್ ಕಾರ್ಖಾನೆಗೆ ಹೆಸರಾದದ್ದು. ಸ್ವೀಡನ್ನಿನಲ್ಲಿ ಸಾಲ ವಸೂಲಿಗೆ ಕ್ರೂನೊಫೋಗ್ಡನ್ ಎಂಬ ಸರ್ಕಾರಿ ಇಲಾಖೆಯಿದೆ. ಯಾರಾದರೂ ನಿಮ್ಮಿಂದ ಹಣ ಬರಬೇಕೆಂದು ಅಲ್ಲಿ ಅರ್ಜಿ ಹಾಕಿದರೆ ನಿಮಗೆ ನೋಟಿಸ್ ಬರುತ್ತದೆ. ಸಾಲ ನಿಜವೋ ಸುಳ್ಳೋ ಎಂದು ಇಲಾಖೆ ಈ ಹಂತದಲ್ಲಿ ವಿಚಾರಿಸುವುದಿಲ್ಲ. ಸಾಮಾನ್ಯವಾಗಿ ಹತ್ತು ದಿನದೊಳಗೆ ‘ಇದು ನನ್ನ ಸಾಲವಲ್ಲ’ ಎಂದು ತಕರಾರು ಸಲ್ಲಿಸಬೇಕು. ಸುಮ್ಮನಿದ್ದರೆ ಆದೇಶ ಹೊರಡುತ್ತದೆ, ಕ್ರೆಡಿಟ್ ದಾಖಲೆಯಲ್ಲಿ ಕಪ್ಪು ಗುರುತು ಬೀಳುತ್ತದೆ. ಅದು ಮೂರು ವರ್ಷ ಅಳಿಯುವುದಿಲ್ಲ.

ತನ್ನ ಅಂಚೆಯೇ ಬೇರೆಯವರ ಕೈಯಲ್ಲಿರುವವನು ಹತ್ತು ದಿನದಲ್ಲಿ ಉತ್ತರ ಕೊಡುವುದು ಹೇಗೆ? ಅದಕ್ಕೆಂದೇ ಎರಡು ದಾರಿಗಳನ್ನು ತಿಳಿದಿರಬೇಕು. ಆದೇಶವಾದ ಒಂದು ತಿಂಗಳೊಳಗೆ ಮರುವಿಚಾರಣೆ ಕೇಳಬಹುದು. ಜೊತೆಗೆ ಸಾಲದಲ್ಲಿ ಸಿಕ್ಕವರಿಗೆ ಸಲಹೆ ಕೊಡುವುದು ಇಲ್ಲಿ ಪ್ರತಿ ನಗರಸಭೆಯ ಕರ್ತವ್ಯ, ಅದಕ್ಕೆ ಶುಲ್ಕವಿಲ್ಲ.

ಅಮೆರಿಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2021ರ ಡಿಸೆಂಬರಿನಲ್ಲಿ ಕಾನೂನು ಮಾಡಿ, 2022ರ ಜುಲೈನಿಂದ ನಿಯಮ ಜಾರಿಗೆ ತಂದಿದೆ. ಕಳ್ಳಸಾಗಣೆಗೆ ಒಳಗಾದವರು ದಾಖಲೆ ಕೊಟ್ಟು ಕೇಳಿಕೊಂಡರೆ, ಆ ಕಾಲದಲ್ಲಿ ಬಿದ್ದ ಕೆಟ್ಟ ನಮೂದುಗಳನ್ನು ಕ್ರೆಡಿಟ್ ಕಂಪನಿಗಳು ವರದಿಯಲ್ಲಿ ತೋರಿಸುವಂತಿಲ್ಲ. ಸೆರೆಯಲ್ಲಿದ್ದವನ ತಲೆಗೆ ಕಟ್ಟಿದ ಸಾಲಕ್ಕೆ ಅವನು ಹೊಣೆಯಲ್ಲ ಎಂಬುದೇ ಇದರ ತಿರುಳು.

ನಮ್ಮೂರಿನ ಜೀತದ ಕಾನೂನು

ಈ ಮಾತು ನಮಗೆ ಹೊಸದಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲವನ್ನು ತೀರಿಸುವ ಹೊಣೆಯನ್ನೇ ಅಳಿಸಿಹಾಕಿತು. ಜೀತದಿಂದ ಬಿಡುಗಡೆಯಾದವರಿಗೆ ಉಪವಿಭಾಗಾಧಿಕಾರಿಗಳಿಂದ ಬಿಡುಗಡೆ ಪ್ರಮಾಣಪತ್ರ ಸಿಗುತ್ತದೆ. ಆದರೆ ಅದೇ ವ್ಯಕ್ತಿಯ ಹೆಸರಲ್ಲಿ ಬ್ಯಾಂಕಿನಲ್ಲಿ ಎತ್ತಿದ ಸಾಲ ತಾನಾಗಿ ಮಾಯವಾಗುವುದಿಲ್ಲ; ಅದನ್ನು ಬೇರೆಯಾಗಿ ತಿದ್ದಿಸಬೇಕು.

ಭಾರತದಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತಪ್ಪಿದ್ದರೆ ದೂರು ಕೊಡಬೇಕು. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ.

ಗಲ್ಫಿನಲ್ಲಿರುವವರು ಮಾಡಬೇಕಾದ್ದು

ಯುಎಇಯಲ್ಲಿ ಅಲ್ ಇತ್ತಿಹಾದ್ ಕ್ರೆಡಿಟ್ ಬ್ಯೂರೋ, ಸೌದಿಯಲ್ಲಿ ಸಿಮಾ ನಮ್ಮ ಲೆಕ್ಕ ಇಡುತ್ತವೆ. ಅಲ್ಲಿ ಬಾಕಿ ಉಳಿದ ಸಾಲ ಪ್ರಯಾಣ ನಿಷೇಧದವರೆಗೂ ಹೋಗಬಹುದು. ಹಾಗಾಗಿ ಪಾರಾಗಿ ಬಂದವರಿಗೆ ಟಿಕೆಟ್ ಕೊಡಿಸಿ ಊರಿಗೆ ಕಳಿಸಿದರೆ ನಮ್ಮ ಕೆಲಸ ಮುಗಿಯಲಿಲ್ಲ.

ಮೊದಲು ಪೊಲೀಸ್ ದೂರು, ಆಶ್ರಯಧಾಮ, ನ್ಯಾಯಾಲಯ ಇವುಗಳ ಪೈಕಿ ಸಿಕ್ಕಿದ ಕಾಗದಗಳ ನಕಲನ್ನು ಜೋಪಾನ ಮಾಡಿ. ಕೂಡಿಹಾಕಿದ್ದ ದಿನಾಂಕಗಳನ್ನು ಬರೆದಿಡಿ. ಆಮೇಲೆ ಕ್ರೆಡಿಟ್ ವರದಿ ತರಿಸಿ, ಆ ದಿನಾಂಕಗಳ ಪಕ್ಕದಲ್ಲಿಟ್ಟು ಒಂದೊಂದೇ ಸಾಲವನ್ನು ಪರಿಶೀಲಿಸಿ. ತನ್ನದಲ್ಲದ ಪ್ರತಿಯೊಂದಕ್ಕೂ ಬ್ಯಾಂಕಿಗೂ ಬ್ಯೂರೋಗೂ ಲಿಖಿತ ತಕರಾರು ಕೊಡಿ, ಸ್ವೀಕೃತಿ ಪಡೆಯಿರಿ. ವಸೂಲಿಯವರ ಫೋನಿಗೆ ಹೆದರಿ ‘ಅಷ್ಟೋ ಇಷ್ಟೋ ಕೊಟ್ಟು ಸೆಟಲ್ ಮಾಡೋಣ’ ಎಂದು ಒಪ್ಪಬೇಡಿ. ಊರಿನ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಬೇರೆ, ‘ಕ್ಲೋಸ್ಡ್’ ಬೇರೆ. ಸೆಟಲ್ಡ್ ಎಂದಿದ್ದರೆ ಮುಂದೆ ಸಾಲ ಕೊಡುವವರು ಅನುಮಾನದಿಂದಲೇ ನೋಡುತ್ತಾರೆ.

ಫಾರ್ಮಸಿಯ ರಿಜಿಸ್ಟರಿನಲ್ಲಿ ತಪ್ಪು ನಮೂದಾದರೆ ನಾವು ಉಜ್ಜಿ ಅಳಿಸುವುದಿಲ್ಲ. ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ದಿನಾಂಕ ಹಾಕಿ ಸಹಿ ಮಾಡುತ್ತೇವೆ. ಸಾಲದ ದಾಖಲೆ ತಿದ್ದುವುದೂ ಹಾಗೆಯೇ, ಪುರಾವೆ ಇಟ್ಟು ತಾಳ್ಮೆಯಿಂದ ಮಾಡುವ ಕೆಲಸ. ಒಂಟಿಯಾದವನಿಗೆ ಅದು ಕಷ್ಟ. ನಮ್ಮ ಸಂಘದಲ್ಲಿ ಅರಬಿ, ಇಂಗ್ಲಿಷ್ ಚೆನ್ನಾಗಿ ಬಲ್ಲವರಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದಾರೆ. ಅವರಲ್ಲಿ ಒಬ್ಬರು ಅರ್ಜಿ ಬರೆದುಕೊಟ್ಟು, ಇನ್ನೊಬ್ಬರು ಜೊತೆಗೆ ಕೌಂಟರಿನವರೆಗೆ ಹೋದರೆ ಸಾಕು, ಅರ್ಧ ಭಾರ ಇಳಿದಂತೆ.